ಬಾಲದ ಮೂರು ಅಕ್ಷರ

ಲಸಿಕೆ ಉಗ್ರಾಣದ ಮೇಡಂಗೆ ಜನ ಇಟ್ಟ ಹೆಸರು ಚುಟುಕಮ್ಮ. ಮಾತೂ ಚುಟುಕು, ಊಟವೂ ಚುಟುಕು. ಗುಡ್ಡದಾಚೆಯ ಆಸ್ಪತ್ರೆಯ ಲಸಿಕೆ ಫ್ರಿಜ್ ಐದೈದು ನಿಮಿಷಕ್ಕೊಮ್ಮೆ ತನ್ನೊಳಗಿನ ಉಷ್ಣತೆಯನ್ನು ಅಲ್ಲಿನ ಪರದೆಯಿಲ್ಲದ ಪುಟ್ಟ ಕಂಪ್ಯೂಟರಿನ ಫೈಲೊಂದರಲ್ಲಿ ಬರೆದಿಡುತ್ತಿತ್ತು. ವರ್ಷಗಟ್ಟಲೆ ಬೆಳೆದ ಆ ಫೈಲನ್ನು ಇಡಿಯಾಗಿ ತರಿಸಲು ಅಲ್ಲಿನ ಬಡಕಲು ಇಂಟರ್‌ನೆಟ್ಟಿಗೆ ಅರ್ಧ ದಿನ ಬೇಕು. ಅದಕ್ಕೇ ಈಕೆ ತಾನೇ ಕಲಿತು ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದಿದ್ದಳು: ಫೈಲಿನ ಬಾಲದಿಂದ ಮೂರೇ ಅಕ್ಷರ ಕಿತ್ತು ತಾ. ಫ್ರಿಜ್ಜಿನದು ಯಾವಾಗಲೂ 4.1, 5.2 ಅಷ್ಟೇ, ಚುಕ್ಕಿಯೂ ಸೇರಿ ಮೂರೇ ಅಕ್ಷರ. ನಾಲ್ಕನೆಯ ಅಕ್ಷರ ಯಾರ ಮನೆ ಉದ್ಧಾರಕ್ಕೆ?

ಅವತ್ತು ಬೆಳಗ್ಗೆ ಏಳಕ್ಕೆ ಆ ಆಸ್ಪತ್ರೆಯ ನರ್ಸ್ ಫೋನ್ ಮಾಡಿದಳು. ಅವಳು ಈಕೆಯ ಒಡಹುಟ್ಟಿದ ತಂಗಿ.

"ಅಕ್ಕಾ, ಕರೆಂಟ್ ಹೋಗಿ ಬಂತು. ಫ್ರಿಜ್ ಮೇಲೆ ತೋರಿಸೋ ಅಂಕಿ ಮೊದಲೇ ಕೆಟ್ಟಿದೆ. ಒಂಬತ್ತಕ್ಕೆ ಮಕ್ಕಳು ಬರ್ತವೆ. ಚುಚ್ಚಲೋ ಬೇಡವೋ?"

ಎಂಟು ಡಿಗ್ರಿ ದಾಟಿದರೆ ಆ ಲಸಿಕೆ ಬರೀ ನೀರು. ಸ್ಕ್ರಿಪ್ಟ್ ಓಡಿಸಿದಳು. 7.4. ಎಂಟಕ್ಕೆ ಕೂದಲೆಳೆಯಷ್ಟೇ ಬಾಕಿ. ಅಷ್ಟರಲ್ಲಿ ಇಂಟರ್‌ನೆಟ್ಟೂ ಕೈಕೊಟ್ಟಿತು. ಎರಡು ಗಂಟೆ ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಒಂಬತ್ತಕ್ಕೆ ಸಂಪರ್ಕ ಬಂತು. 2.3!

"ಬದುಕಿದೆ ಕಣೇ! ಚುಚ್ಚು!" ಎಂದು ಫೋನಿನಲ್ಲಿ ಕೂಗಿಯೇಬಿಟ್ಟಳು.

ಆದರೂ ಜೀವ ತಡೆಯಲಿಲ್ಲ. ಹತ್ತಕ್ಕೆ ನೋಡಿದರೆ 3.1. ಹತ್ತೂಕಾಲಿಗೆ 3.4. ತಣ್ಣಗಾದ ಫ್ರಿಜ್ ಮತ್ತೆ ಯಾಕೆ ಬಿಸಿಯೇರುತ್ತಿದೆ? ಸ್ಕ್ರಿಪ್ಟಿನ ಮೂರನ್ನು ಅಳಿಸಿ ಇಪ್ಪತ್ತು ಎಂದು ತಿದ್ದಿದಳು. ಈ ಸಲ ಬಂದುದರಲ್ಲಿ ಕೊನೆಯದು 13.4. ಕರೆಂಟ್ ಬಂದರೂ ಫ್ರಿಜ್ ಮತ್ತೆ ತಣಿದೇ ಇರಲಿಲ್ಲ. ಮುಂದಿದ್ದ 1 ಅನ್ನೋ ಅಂಕಿಯನ್ನು ಅವಳ ಜಿಪುಣ ಸ್ಕ್ರಿಪ್ಟೇ ಒಂಬತ್ತು ಗಂಟೆಯಿಂದ ಕತ್ತರಿಸಿ ಎಸೆಯುತ್ತಿತ್ತು. ಅಯ್ಯೋ ನನ್ನ ಕರ್ಮವೇ, ಎಂದು ಹಣೆ ಚಚ್ಚಿಕೊಂಡು ತಂಗಿಗೆ ಫೋನ್ ಮಾಡಿದಳು.

"ನಿಲ್ಲಿಸೇ! ಲಸಿಕೆ ಕೆಟ್ಟಿದೆ!"

"ಹನ್ನೊಂದು ಮಕ್ಕಳು ಚುಚ್ಚಿಸಿಕೊಂಡು ಮನೆಗೆ ಹೋದ್ವಲ್ಲ ಅಕ್ಕಾ..." ತಂಗಿಯ ದನಿ ಇಳಿಯಿತು. "ಅಪಾಯ ಏನಿಲ್ಲ ತಾನೆ? ಯಾರಿಗೂ ಗೊತ್ತಾಗಲ್ಲ, ಸುಮ್ನಿರು."

"ಅಪಾಯ ಇಲ್ಲ, ರಕ್ಷಣೇನೂ ಇಲ್ಲ. ವಿಳಾಸ ಕೊಡು."

ಬಸ್ಸು ಹಿಡಿದು ಗುಡ್ಡ ದಾಟಿ ಮೊದಲ ಮನೆಯ ಬಾಗಿಲು ತಟ್ಟುವಾಗ ಮಧ್ಯಾಹ್ನ. ಮಗುವಿನ ತಾಯಿ ತುಟಿಯ ಮೇಲೆ ಬೆರಳಿಟ್ಟುಕೊಂಡೇ ಬಾಗಿಲು ತೆರೆದಳು.

"ಮೆಲ್ಲಗೆ ಮೇಡಂ. ಅತ್ತೂ ಅತ್ತೂ ಈಗಷ್ಟೇ ಮಲಗಿದಾಳೆ. ಹೋಗ್ಲಿ, ಇನ್ನು ಆ ಕಾಯಿಲೆ ಭಯ ಇಲ್ಲವಲ್ಲ, ಅಷ್ಟು ಸಾಕು."

"ಇದೆಯಮ್ಮಾ," ಎಂದಳು ಚುಟುಕಮ್ಮ. "ಮತ್ತೆ ಚುಚ್ಚಬೇಕು. ತಪ್ಪು ನನ್ನದು."

ಆ ತಾಯಿಯ ಮುಖದಲ್ಲಿ ನಗು ಆರಿಹೋಗುವುದನ್ನು ನೋಡುತ್ತಾ ನಿಂತಳು. ಇನ್ನೂ ಹತ್ತು ಮನೆ ಬಾಕಿ ಇದ್ದವು.