ಮೀಟರ್ ಅಕ್ಕ ಬರೆದಿಟ್ಟ ಎರಡು ಪದ

ಮೀಟರ್ ಅಕ್ಕನಿಗೆ ಮೂರು ದಿನದ ಕೂಲಿ ಇನ್ನೂ ಬರಬೇಕು. ಕೆಲಸ ಆಗಿದೆ, ಗಾಡಿ ಓಡುತ್ತಿದೆ, ಕೂಲಿ ಮಾತ್ರ ಬಂದಿಲ್ಲ. ಯಾಕೆ ಎಂದು ಹೇಳುವ ಮೊದಲು ಅವಳು ಎಂಥವಳು ಎಂದು ಹೇಳಬೇಕು.

ಹತ್ತೊಂಬತ್ತು ವರ್ಷ ಮೋಟರ್ ಕಾರ್ಖಾನೆಯಲ್ಲಿ ತಾಮ್ರದ ತಂತಿ ಸುತ್ತಿದವಳು. ಮುಷ್ಕರ ಮುರಿದ ಮೇಲೆ ಗೇಟಿನಲ್ಲಿ ಮೇಜು ಹಾಕಿ, ತಪ್ಪೊಪ್ಪಿಗೆಗೆ ಸಹಿ ಮಾಡಿದವರನ್ನಷ್ಟೇ ಒಳಗೆ ಬಿಟ್ಟರು. ಘೋಷಣೆ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದ ಗಂಡಸರೇ ತಲೆ ತಗ್ಗಿಸಿ ಸಹಿ ಹಾಕಿದರು. ಇವಳು ಕಾಗದವನ್ನು ಪೂರ್ತಿ ಓದಿ, "ಇದ್ರಲ್ಲಿ ನಾನು ಮಾಡಿದ ತಪ್ಪು ಯಾವುದು ಅಂತಾನೇ ಬರ್ದಿಲ್ವಲ್ಲ ಸಾರ್" ಎಂದು ವಾಪಸು ಕೊಟ್ಟು ಮನೆಗೆ ನಡೆದಳು. ಮತ್ತೆ ಯಾವ ಕಾರ್ಖಾನೆಯೂ ಅವಳನ್ನು ಸೇರಿಸಲಿಲ್ಲ. ಮೈದುನ ಫಿಟ್ಟರಾಗಿದ್ದ ಗ್ಯಾರೇಜಿನಲ್ಲಿ ಕಾರಿನ ವೈರಿಂಗ್ ಕೆಲಸ ಹಿಡಿದಳು. ಕರೆಂಟು ಅಳೆಯುವ ಮೀಟರಿಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡೇ ಓಡಾಡುತ್ತಾಳೆ. ಹೆಸರು ಹಾಗೆ ಬಂತು.

ಈ ಸಲ ಬಂದದ್ದು ಇಪ್ಪತ್ತು ವರ್ಷದ ಹಳೇ ಕಾರು. ಅದರ ಡ್ರೈವರು ವಯಸ್ಸಾದ ಮನುಷ್ಯ. ಕಿಡ್ನಿ ಕೆಟ್ಟವರನ್ನು ಡಯಾಲಿಸಿಸ್‌ಗೆ ಆಸ್ಪತ್ರೆಗೆ ಕರೆದೊಯ್ದು ಮನೆಗೆ ಬಿಡುವುದು ಅವನ ಹೊಟ್ಟೆಪಾಡು. ಎಂಜಿನ್ ಕೈಕೊಟ್ಟಿತು. ಅಪಘಾತದಲ್ಲಿ ನುಜ್ಜುಗುಜ್ಜಾದ ಇನ್ನೊಂದು ಕಾರಿನ ಎಂಜಿನ್ ಗುಜರಿಯಿಂದ ತಂದು ಕೂರಿಸಿದರು. ಸೋಮವಾರ ಬೆಳಿಗ್ಗೆ ಗಾಡಿ ಆಸ್ಪತ್ರೆ ಬಾಗಿಲಲ್ಲಿ ಇರದಿದ್ದರೆ ಕಾಂಟ್ರಾಕ್ಟು ಬೇರೆಯವರ ಪಾಲು.

ಎಂಜಿನ್ ತಣ್ಣಗಿದ್ದಾಗ ಸರಿಯಾಗಿಯೇ ಓಡುತ್ತಿತ್ತು. ಬಿಸಿಯಾದದ್ದೇ ತಡ, ಮುಗ್ಗರಿಸಿ ಮುಗ್ಗರಿಸಿ ನಿಂತುಬಿಡುತ್ತಿತ್ತು. ಎಂಜಿನ್ನಿನ ಸ್ಥಿತಿಗತಿಯನ್ನು ಗಾಡಿಯ ಕಂಪ್ಯೂಟರಿಗೆ ಮುಟ್ಟಿಸಲು ಸೆನ್ಸರುಗಳಿರುತ್ತವೆ. ಅವುಗಳಲ್ಲಿ ಮೂರು ಬುರುಡೆ ಬಿಡುತ್ತಿದ್ದವು. ಕುದಿಯುವ ಎಂಜಿನ್ನಿಗೆ ಚಳಿ ಎನ್ನುತ್ತಿತ್ತು ಒಂದು. ಕಾಲೇ ಇಡದ ಪೆಡಲನ್ನು ಯಾರೋ ಒತ್ತಿದ್ದಾರೆ ಎನ್ನುತ್ತಿತ್ತು ಇನ್ನೊಂದು. ಗ್ಯಾರೇಜಿನ ಯಜಮಾನ ಮೂರನ್ನೂ ಹೊಸದು ಹಾಕಿಸಿದ. ಹೊಸವೂ ಅದನ್ನೇ ಹೇಳಿದವು. ಯಜಮಾನ ಬಿಲ್ಲು ಬರೆಯುವವನೇ ಹೊರತು ಸ್ಪ್ಯಾನರ್ ಹಿಡಿದವನಲ್ಲ. ಇನ್ನೂ ಒಳ್ಳೆಯ ಸೆನ್ಸರು ತರಿಸೋಣ ಎಂದ.

"ಮೂರೂ ಇರೋದಕ್ಕಿಂತ ಹೆಚ್ಚು ವೋಲ್ಟು ತೋರ್ಸಿ ಒಂದೇ ಕಡೆ ವಾಲಿ ಸುಳ್ಳು ಹೇಳ್ತಿವೆ ಅಂದ್ರೆ, ಹೇಳಿಕೊಡ್ತಿರೋನು ಒಬ್ನೇ ಇರ್ಬೇಕು ಯಜಮಾನ್ರೇ" ಎಂದಳು ಅಕ್ಕ.

ಆ ಒಬ್ಬನನ್ನು ಹುಡುಕಲು ಮೂರು ದಿನ ಹಿಡಿಯಿತು. ಹಳೇ ಗಾಡಿಯ ತಂತಿಗೂ ಬಂದ ಎಂಜಿನ್ನಿನ ತಂತಿಗೂ ಬಣ್ಣ ತಾಳೆಯಾಗುತ್ತಿರಲಿಲ್ಲ. ಒಂದೊಂದನ್ನೂ ತುದಿಯಿಂದ ತುದಿಗೆ ಬೆರಳಲ್ಲಿ ಹಿಡಿದು ಹೋದಳು. ಬಿಸಿಯಾದಾಗ ಮಾತ್ರ ಕಾಣುವ ರೋಗ, ಹಾಗಾಗಿ ಪ್ರತಿ ಪರೀಕ್ಷೆಗೂ ಎಂಜಿನ್ ಆರಬೇಕು, ಮತ್ತೆ ಬಿಸಿಯೇರಬೇಕು. ಸ್ಟಾರ್ಟರ್ ಗಟ್ಟಿಯಾಗಿ ತಿರುಗುತ್ತಿದ್ದರಿಂದ ಅರ್ತ್ ಸರಿಯಿದೆ ಎಂದೇ ಎಲ್ಲರೂ ನಂಬಿದ್ದರು. ಅರ್ತ್ ಎಂದರೆ ಕರೆಂಟು ಕೆಲಸ ಮುಗಿಸಿ ಬ್ಯಾಟರಿಗೆ ವಾಪಸಾಗುವ ದಾರಿ. ಅವಳು ನಂಬಲಿಲ್ಲ. ಸ್ಟಾರ್ಟರಿನ ದಾರಿ ಬೇರೆ, ಸೆನ್ಸರುಗಳ ದಾರಿ ಬೇರೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಗೆ, ಇನ್ನೊಂದನ್ನು ಸೆನ್ಸರುಗಳ ವಾಪಸು ತಂತಿಗೆ ಇಟ್ಟು, ಎಂಜಿನ್ ಓಡಿಸಿ ಕೂತಳು. ಸೊನ್ನೆಯ ಹತ್ತಿರ ಇರಬೇಕಾದ ಮುಳ್ಳು ಬಿಸಿಯೇರಿದಂತೆ ಅರ್ಧ ವೋಲ್ಟು ದಾಟಿತು. ಕಳ್ಳ ಸಿಕ್ಕಿದ: ಆ ತಂತಿಯನ್ನು ಎಂಜಿನ್ನಿಗೆ ಕಚ್ಚಿಸಿದ್ದ ಒಂದೇ ಒಂದು ಬೋಲ್ಟು.

ಬೋಲ್ಟು ಸುಡುತ್ತಿತ್ತು. ಆರುವ ಹೊತ್ತಿಗೆ ಅತ್ತೆಗೆ ಊಟ ಕೊಟ್ಟು ಬರೋಣವೆಂದು, ಮುಂದಿನ ಗಾಜಿಗೆ ಚೀಟಿ ಸಿಕ್ಕಿಸಿ ಹೊರಟಳು. ಅರ್ತ್ ಅನ್ನು ಅವಳು ಬರೆಯುವುದು 'ಅರ್ಥ' ಎಂದೇ. ಚೀಟಿಯಲ್ಲಿ ಎರಡೇ ಪದ: ಅರ್ಥ ಇಲ್ಲ.

ಯಜಮಾನ ಓದಿದ. ಮೂರು ದಿನ ತಲೆ ಕೆಡಿಸಿಕೊಂಡು, ಇದರಲ್ಲಿ ಅರ್ಥವಿಲ್ಲ ಎಂದು ಕೈಚೆಲ್ಲಿ ಹೋಗಿದ್ದಾಳೆ ಎಂದುಕೊಂಡ. ಚೀಟಿಯನ್ನು ಜೇಬಿಗೆ ತುರುಕಿ, ಎಂಜಿನ್ ಇಳಿಸಿ ಗುಜರಿಗೆ ವಾಪಸು ಕಳಿಸಲು ಹೇಳಿದ. ಡ್ರೈವರು ಹಳೇ ಟಯರಿನ ಮೇಲೆ ಕುಸಿದು ಕೂತ.

ಅಕ್ಕ ಬಂದಾಗ ಮೈದುನ ಎಂಜಿನ್ನಿಗೆ ಸರಪಳಿ ಬಿಗಿಯುತ್ತಿದ್ದ.

"ಇದೇನೋ ಇದು?"

"ನೀವೇ ಅರ್ಥ ಇಲ್ಲ ಅಂತ ಬರ್ದಿಟ್ಟು ಹೋದ್ರಂತಲ್ಲ ಅತ್ತಿಗೆ."

ಅವಳು ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇಲ್ಲ ಕಣೋ. ಅರ್ಥ ಇಲ್ದಿರೋದು ನನಗಲ್ಲ, ಬೋಲ್ಟಿಗೆ. ಸರಪಳಿ ಬಿಚ್ಚು."

ಬೋಲ್ಟು ಬಿಚ್ಚಿದಳು. ಅಡಿಯಲ್ಲಿ ಬೆಳ್ಳಿ ಬಣ್ಣ, ದಪ್ಪಗೆ; ಬಣ್ಣ ಕರೆಂಟನ್ನು ಸರಿಯಾಗಿ ಹಾಯಗೊಡುವುದಿಲ್ಲ. ಗುಜರಿಯ ಎಂಜಿನ್ ಹೊಸದರಂತೆ ಹೊಳೆಯಲೆಂದು ಮೈದುನ ಒಂದಂಗುಲ ಬಿಡದೆ ಬಣ್ಣ ಹೊಡೆದಿದ್ದ. ಅವನ ಮುಖ ಸಪ್ಪಗಾಯಿತು; ಮೂರು ಸೆನ್ಸರಿನ ದುಡ್ಡು ಯಾರ ಸಂಬಳದಲ್ಲಿ ಮುರಿಯುತ್ತದೆಂದು ಅವನಿಗೆ ಗೊತ್ತಿತ್ತು. ಬಣ್ಣ ಹೊಡೆದವನು ಯಾರು ಎಂದು ಯಜಮಾನ ಕೇಳಿದ.

"ಡಬ್ಬಿ ತರ್ಸಿದ್ದು ನೀವೇ ಅಲ್ವಾ ಯಜಮಾನ್ರೇ? ಗಿರಾಕಿ ಕಣ್ಣಿಗೆ ಹೊಸದಾಗಿ ಕಾಣ್ಲಿ ಅಂತ" ಎಂದಳು ಅಕ್ಕ.

ಆ ಮಾತು ಅಲ್ಲಿಗೆ ನಿಂತಿತು. ಅಕ್ಕ ಉಪ್ಪುಕಾಗದದ ಚೂರಿನಿಂದ ಬಣ್ಣ ಉಜ್ಜಿ ಲೋಹ ಬೆಳಗಿಸಿದಳು, ಬೋಲ್ಟು ಬಿಗಿದಳು. ಎಂಜಿನ್ ಒಂದು ಗಂಟೆ ಓಡಿತು. ಮುಳ್ಳು ಸೊನ್ನೆಯ ಪಕ್ಕದಿಂದ ಕದಲಲಿಲ್ಲ. ಸೋಮವಾರ ಡ್ರೈವರು ಆಸ್ಪತ್ರೆ ಬಾಗಿಲಲ್ಲಿದ್ದ, ಗಾಡಿಯಲ್ಲಿ ಮೂರು ಜನ ರೋಗಿಗಳಿದ್ದರು.

ಕೂಲಿ ಕೇಳಿದಾಗ ಯಜಮಾನ ಕೇಳಿದ್ದು ಇಷ್ಟು: "ಬಿಲ್ಲಲ್ಲಿ ಏನು ಪಾರ್ಟ್ ಹಾಕ್ದೆ ಅಂತ ಬರೀಲಿ? ಉಪ್ಪುಕಾಗದ ಅಂತಲಾ?" ಕೆಲಸಕ್ಕೆ ಬಾರದ ಮೂರು ಸೆನ್ಸರಿಗೆ ಆ ಬಿಲ್ಲಿನಲ್ಲಿ ಮೂರು ಸಾಲಿದ್ದವು. ಬೆಳ್ಳಿ ಬಣ್ಣಕ್ಕೂ ಒಂದು ಸಾಲಿತ್ತು. ಹುಡುಕಿದವಳಿಗೆ ಇರಲಿಲ್ಲ.

ಅರ್ಥ ಎಂದರೆ ದುಡ್ಡು ಎಂತಲೂ ಆಗುತ್ತದೆ. ಅದು ಯಜಮಾನನಿಗೆ ಚೆನ್ನಾಗಿ ಗೊತ್ತು.

ನಿಮ್ಮ ಗಾಡಿಯೂ ಎಲ್ಲೋ ಒಂದು ಗ್ಯಾರೇಜಿಗೆ ಹೋಗುತ್ತದೆ. ಬಿಲ್ಲು ಕೈಗೆ ಬಂದಾಗ, ಏನು ಹಾಕಿದಿರಿ ಎಂದು ಕೇಳುವ ಚಾಳಿ ಬಿಡಿ. ಹುಡುಕಿದವರು ಯಾರು ಎಂದು ಕೇಳಿ. ಅವರ ಕೂಲಿಗೆ ಒಂದು ಸಾಲು ಬರೆಸಿ, ಅದು ಅವರ ಕೈ ಸೇರುವುದನ್ನು ನೋಡಿ. ಅಲ್ಲಿಯವರೆಗೆ ಕೀಲಿ ತೆಗೆದುಕೊಳ್ಳಬೇಡಿ.