ಕೊನೆಯ ತೇಪೆ

ಭಾನುವಾರ ಬೆಳಿಗ್ಗೆ ಎದ್ದೊಡನೆ ಕೆಲವರಿಗೆ ವಧೂವರರ ಜಾಹೀರಾತು ಓದುವ ಚಟ. ನನಗೆ ಗಣಕಯಂತ್ರಕ್ಕೆ ಹೊಸ ಪರಿಷ್ಕರಣೆ ಏನಾದರೂ ಬಂದಿದೆಯೇ ಎಂದು ನೋಡುವ ಚಟ. ಅದೇನು ನವನವೀನ ಯಂತ್ರವೆಂದು ತಾವು ಭ್ರಮಿಸಬಾರದು. ಊರಿಗೆ ಊರೇ ಹೊಸ ವಿಂಡೋಸ್ ಎಕ್ಸ್‌ಪಿಗೆ ಬದಲಾಗಿ ವರ್ಷಗಳಾಗಿದ್ದರೂ ವಿಜಯನಗರದ ನಮ್ಮ ಮನೆಯಲ್ಲಿ ವಿಂಡೋಸ್ ತೊಂಬತ್ತೆಂಟೇ ಸಿಂಹಾಸನಾರೂಢವಾಗಿತ್ತು. ಮುದಿ ಅರಸನಿಗೆ ಅಭ್ಯಂಜನ ಮಾಡಿಸುವ ಸೇವಕನ ಶ್ರದ್ಧೆಯಿಂದ ನಾನು ಟೆಲಿಫೋನ್ ತಂತಿಯನ್ನು ಮೋಡೆಮ್ಮಿಗೆ ಸಿಕ್ಕಿಸಿ, ಅದು ಕಿರ್ರೆಂದು ಅರಚಿಕೊಂಡು ಜಗತ್ತನ್ನು ಸೇರುವವರೆಗೆ ಕಾದು, ಕಂಪನಿ ಕಳಿಸಿದ ತೇಪೆಗಳನ್ನು ಒಂದೂ ಬಿಡದೆ ಹಚ್ಚುತ್ತಿದ್ದೆ. ಆ ಹೊತ್ತಿನಲ್ಲಿ ಫೋನು ಮಾಡಿ ಮಾಡಿ ಸೋತ ಬಂಧುಗಳು, ನಾವು ಬೇಕೆಂದೇ ರಿಸೀವರ್ ಕೆಳಗಿಟ್ಟಿದ್ದೇವೆಂದು ಮುನಿಸಿಕೊಂಡದ್ದೂ ಉಂಟು. ಕಾಲೇಜಿನಲ್ಲಿ ಹಳಗನ್ನಡ ಪಾಠ ಮಾಡಿ ನಿವೃತ್ತನಾದವನಿಗೆ ಹಳತನ್ನು ಹಸನಾಗಿಡುವುದು ಕುಲಧರ್ಮವಲ್ಲವೇ ಎಂದು ನಾನೇ ಬೀಗುತ್ತಿದ್ದೆ.

ನಿಜ ಹೇಳಬೇಕೆಂದರೆ, ಆ ಯಂತ್ರವನ್ನು ನಾವು ಬಿಡದಿದ್ದುದು ನನ್ನ ಅಕ್ಕ ರತ್ನಮ್ಮನಿಗಾಗಿ. ನಮ್ಮಪ್ಪ ಬಾಪೂಜಿ ನಗರದ ಓಣಿಯೊಂದರಲ್ಲಿ ಕೈಮಗ್ಗ ಇಟ್ಟುಕೊಂಡಿದ್ದರು. ಶಾಲಾ ಉಪಾಧ್ಯಾಯಿನಿಯಾಗಿ ನಿವೃತ್ತಳಾಗಿ ನಮ್ಮೊಡನೆ ಬಂದು ನೆಲೆಸಿದ ಮೇಲೆ ಅಕ್ಕ, ಅಪ್ಪನೂ ಅವರ ಜತೆಗಾರರೂ ಆಡುತ್ತಿದ್ದ ಮಗ್ಗದ ಮಾತುಗಳನ್ನು ಕೂಡಿಸಿ ಪದಕೋಶವೊಂದನ್ನು ಮಾಡಲು ಹೊರಟಳು. ಹಾಸು, ಹೊಕ್ಕು, ಲಾಳಿ ಎಲ್ಲರಿಗೂ ಗೊತ್ತು. ನೂಲು ಎಲ್ಲಿ ಹರಿದರೆ ಏನೆನ್ನಬೇಕು, ಯಾವ ಗಂಟಿಗೆ ಯಾವ ಹೆಸರು ಎಂಬುದು ನಮ್ಮ ಪೈಕಿ ಅವಳೊಬ್ಬಳಿಗೇ ಗೊತ್ತಿತ್ತು. ಕೈ ನಡುಗುವ ಕಾಯಿಲೆ ಬಂದು ಪೆನ್ನು ನಿಲ್ಲದಂತಾದಾಗ, ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತುತ್ತ ನಾಲ್ಕು ವರ್ಷ ಟೈಪು ಮಾಡಿದಳು. ಅವಳು ಬಳಸುತ್ತಿದ್ದ ಕನ್ನಡ ತಂತ್ರಾಂಶ ವಿಂಡೋಸ್ ತೊಂಬತ್ತೆಂಟರಲ್ಲಿ ಮಾತ್ರ ಓಡುತ್ತಿತ್ತು. ಅದು ಬರೆದದ್ದನ್ನು ಅದೇ ಓದಬೇಕಿತ್ತು. ಅದನ್ನು ತಯಾರಿಸಿ ಮಾರಿದ್ದ ಪುಟ್ಟ ಸಂಸ್ಥೆ ಆಗಲೇ ಬಾಗಿಲು ಹಾಕಿತ್ತು. “ಒಂದಿಷ್ಟು ಪ್ರಿಂಟ್ ತೆಗೆಸಿಡೋಣ್ವಾ?” ಎಂದರೆ, “ಮುಗೀಲಿ ಕಣೋ, ಒಂದೇ ಸಲ ತೆಗೆಸಿದ್ರಾಯ್ತು” ಎನ್ನುತ್ತಿದ್ದಳು. ನಾನೂ ಒತ್ತಾಯಿಸಲಿಲ್ಲ.

ಹೀಗಿರುವಾಗ ತೊಂಬತ್ತೆಂಟಕ್ಕೆ ಇನ್ನು ತೇಪೆ ಕಳಿಸುವುದಿಲ್ಲವೆಂದು ಕಂಪನಿ ಸಾರಿಬಿಟ್ಟಿತು. ಮನೆಯ ವೈದ್ಯರು ಊರು ಬಿಟ್ಟಂತೆ ನಾನು ಕಂಗಾಲಾದೆ. ಹುಡುಕಿದಾಗ, ಯಾರೋ ಹವ್ಯಾಸಿಗಳು ಹಳೆಯ ತೇಪೆಗಳಿಗೆ ತಮ್ಮವನ್ನೂ ಸೇರಿಸಿ ಕಟ್ಟಿದ ದೊಡ್ಡದೊಂದು ಗಂಟು ಅಂತರ್ಜಾಲದಲ್ಲಿ ಸಿಕ್ಕಿತು.

“ನಡೀತಾ ಇರೋದನ್ನ ಯಾಕೋ ಮುಟ್ತೀಯ?” ಎಂದಳು ಅಕ್ಕ.

“ವೈರಸ್ ಬಂದ್ರೆ ನಿನ್ನ ನಾಲ್ಕು ವರ್ಷದ ಕೆಲಸ ಹೋಗತ್ತೆ ಅಕ್ಕ. ಇದೊಂದು ಹಾಕಿಬಿಟ್ರೆ ನಿಶ್ಚಿಂತೆ.”

ಹಾಕಿದೆ. ಯಂತ್ರ ಮರುಹುಟ್ಟು ಪಡೆದಂತೆ ಚುರುಕಾಗಿ ಎದ್ದಿತು. ಅಕ್ಕನ ತಂತ್ರಾಂಶ ಮಾತ್ರ ತೆರೆಯಲಿಲ್ಲ. ಅನುಮತಿಯ ಸಂಖ್ಯೆ ಕೊಡಿ ಎಂದು ಕೇಳಿತು. ಮಹಾಲಕ್ಷ್ಮಿ ಲೇಔಟಿನಿಂದ ರಿಪೇರಿಯ ಮಂಜುನಾಥ ಬಂದು ಎರಡು ದಿನ ಕೂತ. ಹಾಕಿದ್ದನ್ನು ತೆಗೆದು ನೋಡಿದ, ಮೊದಲಿನಿಂದ ಎಲ್ಲವನ್ನೂ ಹಾಕಿ ನೋಡಿದ.

“ಸಾರ್, ಕಂಪ್ಯೂಟರ್ ಫಸ್ಟ್ ಕ್ಲಾಸಾಗಿದೆ. ಈ ಸಾಫ್ಟ್‌ವೇರು ಇದನ್ನ ಬೇರೆ ಮಷೀನು ಅನ್ಕೊಂಡಿದೆ. ನಂಬರ್ ಕೊಡೋರೇ ಇಲ್ವಲ್ಲ ಈಗ.”

“ಫ್ಲಾಪಿಯಲ್ಲಿ ಕಾಪಿ ಇದೆಯಲ್ಲಪ್ಪಾ?”

“ಅದಕ್ಕೂ ಇದೇ ಬೀಗ ಸಾರ್.”

ಬೇರೆ ತಂತ್ರಾಂಶದಲ್ಲಿ ತೆರೆದರೆ ಪ್ರಶ್ನಾರ್ಥಕ ಚಿಹ್ನೆಗಳೂ ಚೌಕಗಳೂ ಪುಟಗಟ್ಟಲೆ ಸಾಲುಗಟ್ಟಿ ನಿಂತಿದ್ದವು. ತಂತ್ರಾಂಶ ಮಾರಿದ್ದ ಸಂಸ್ಥೆಯ ಹೊಸಹಳ್ಳಿಯ ವಿಳಾಸಕ್ಕೆ ಹೋದೆ. ಅಲ್ಲಿ ಬೇಕರಿಯಿತ್ತು, ಹಿಂದಿನವರು ಎಲ್ಲಿ ಹೋದರೋ ಬೇಕರಿಯವರಿಗೆ ತಿಳಿಯದು.

ಹೊಸಹಳ್ಳಿಯಿಂದ ಮನೆಯವರೆಗೆ ನಡೆದೇ ಬಂದೆ. ಎಷ್ಟು ತಡವಾಗಿ ತಲುಪಿದರೆ ಅಷ್ಟು ಒಳ್ಳೆಯದೆನಿಸಿತ್ತು. ಕಾದು ಕೂತಿದ್ದ ಅಕ್ಕ ನನ್ನ ಮುಖ ನೋಡಿ, “ಎಲ್ಲಾನೂ ಹೋಯ್ತಾ?” ಎಂದಳು. ಹೌದೆಂದು ತಲೆಯಾಡಿಸಿದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಯಂತ್ರಕ್ಕೆ ಬೆನ್ನು ತಿರುಗಿಸಿ ಕೂತು, “ನೋಟ್‌ಬುಕ್ ತಗೊಂಬಾ. ನಾನು ಹೇಳ್ತೀನಿ, ನೀನು ಬರ್ಕೋ” ಎಂದಳು.

ಮೊದಲ ವಾರ ಪದಗಳು ಬಂದವು. ಆಮೇಲೆ ತಡವರಿಸತೊಡಗಿದವು. “ಟೈಪ್ ಮಾಡಿಟ್ಟಿದೀನಲ್ಲ ಅಂತ ಮನಸ್ಸು ಬಿಟ್ಟುಬಿಡ್ತು ಕಾಣತ್ತೆ” ಎಂದು ಒಂದು ದಿನ ನಕ್ಕಳು. ಆ ನಗುವನ್ನು ನೋಡಲಾಗಲಿಲ್ಲ. ದಿನಕ್ಕೆ ತುಂಬುತ್ತಿದ್ದ ಪುಟಗಳು ಕೆಲವೇ ಸಾಲುಗಳಿಗಿಳಿದವು, ಸಾಲುಗಳು ದಿನಕ್ಕೊಂದಾದವು. ಈಗಲೂ ಭಾನುವಾರ ಚಟ ಬಿಡದೆ ನೋಡುತ್ತೇನೆ: ಹಾಕಬೇಕಾದದ್ದು ಏನೂ ಉಳಿದಿಲ್ಲ, ವ್ಯವಸ್ಥೆ ಸಂಪೂರ್ಣ ಪರಿಷ್ಕೃತವಾಗಿದೆ.

ಮೊನ್ನೆ ಸಂಜೆ ಅಕ್ಕ ಎರಡು ಕೈಗಳನ್ನೂ ಎದೆಯ ಮಟ್ಟಕ್ಕೆ ಎತ್ತಿ, ಹೆಬ್ಬೆರಳು ತೋರುಬೆರಳುಗಳಿಂದ ಇಲ್ಲದ ನೂಲಿನ ತುದಿಗಳನ್ನು ಹಿಡಿದು, ಒಂದರ ಮೇಲೊಂದು ಹಾಯಿಸಿ ಗಂಟು ಹಾಕಿ ತೋರಿಸಿದಳು. “ಇದಕ್ಕೆ ಅಪ್ಪ ಏನೋ ಅಂತಿದ್ರಲ್ಲೋ? ನೀನೂ ಅಲ್ಲೇ ಇರ್ತಿದ್ದೆಯಲ್ಲ.”

ಅಲ್ಲೇ ಇರುತ್ತಿದ್ದೆ, ನಿಜ. ಮಗ್ಗದ ಸದ್ದು ಕೇಳಿಸದಿರಲೆಂದು ಕಿವಿಗೆ ಬೆರಳಿಟ್ಟುಕೊಂಡು ಸಂಸ್ಕೃತದ ಶಬ್ದರೂಪಗಳನ್ನು ಉರುಹೊಡೆಯುತ್ತಿದ್ದೆ. ಗ್ರಂಥಿ, ಬಂಧ, ಸಂಧಿ, ಎಲ್ಲವೂ ನಾಲಗೆಯ ತುದಿಯಲ್ಲಿದ್ದವು. ಅವಳು ಕೇಳಿದ್ದು ಇರಲಿಲ್ಲ.

“ಗೊತ್ತಿಲ್ಲ ಅಕ್ಕ” ಎಂದೆ.

ನನಗೆ ಸರಿಯಾಗಿ ಕಾಣಿಸಲಿಲ್ಲವೆಂದುಕೊಂಡು, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಅವಳು ಮತ್ತೊಮ್ಮೆ ನಿಧಾನವಾಗಿ ಆ ಗಂಟನ್ನು ಹಾಕಿ ತೋರಿಸಿದಳು.