ಅತ್ತೆಯ ನೆಣೆ, ನನ್ನ ಮೇಣ

ಮೆಟ್ಟುಕತ್ತಿಯ ಮೇಲೆ ಕೂತು ಬಸಳೆಯ ದಂಟು ಕತ್ತರಿಸುತ್ತಿದ್ದೆ. ಫೋನು ಬಡಿದುಕೊಂಡಿತು. ಕಡಿಯಾಳಿಯ ನಮ್ಮ ಮನೆಗೆ ಫೋನು ಬಂದು ಆಗ ಹೆಚ್ಚು ಕಾಲವಾಗಿರಲಿಲ್ಲ. ಅದು ಬಡಿದರೆ ಎಲ್ಲೋ ಯಾರೋ ಹುಟ್ಟಿರಬೇಕು ಇಲ್ಲವೇ ಸತ್ತಿರಬೇಕು ಎಂದೇ ಓಡುತ್ತಿದ್ದೆವು. ಅತ್ತೆ ಮಾತ್ರ ಅದನ್ನು ಮುಟ್ಟುತ್ತಿರಲಿಲ್ಲ. ನೆರೆಕರೆಯವರೆಲ್ಲ ಬಂದು ಬಾಯಿ ಹಚ್ಚಿ ಮಾತಾಡುವ ವಸ್ತು, ಹಾಗಾಗಿ ಅದು ಎಂಜಲು ಎಂಬುದು ಅವರ ತೀರ್ಪು. ಲೋಳೆ ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ನಾನೇ ಎತ್ತಿದೆ.

"ನನ್ನ ಮರ್ಯಾದೆ ತೆಗೆದುಬಿಟ್ಟೆ ಮಾರಾಯ್ತಿ!"

ಕಾಪುವಿನಿಂದ ಅತ್ತಿಗೆ, ಎಂದರೆ ನನ್ನ ಗಂಡನ ಅಕ್ಕ. ಅಲ್ಲಿಯ ಒಂದು ಮಹಿಳಾ ಸಮಾಜಕ್ಕೆ ಅವರು ಅಧ್ಯಕ್ಷೆ. ಆ ದಿನ ಬೆಳಿಗ್ಗೆ ಸಮಾಜದ ವಾರ್ಷಿಕೋತ್ಸವ ಇತ್ತು.

"ಎಂತ ಆಯ್ತು ಅತ್ತಿಗೆ?"

"ಎಂತ ಆಯ್ತಾ? ನೀನು ಕೊಟ್ಟ ಕ್ಯಾಂಡಲ್ ಸ್ಟೇಜಿನಲ್ಲಿ ಉರಿಯಲೇ ಇಲ್ಲ. ಅಮ್ಮ ಎಲ್ಲಿ? ಅಮ್ಮನ ಹತ್ತಿರ ಹೇಳಲಿಕ್ಕುಂಟು."

ನಾನು ಫೋನಿನ ಬಾಯಿಗೆ ಕೈ ಅಡ್ಡ ಇಟ್ಟು ದೇವರ ಕೋಣೆಯ ಕಡೆ ನೋಡಿದೆ. ಯಾಕೆಂದು ತಿಳಿಯಬೇಕಾದರೆ ಅತ್ತೆಯ ಷರತ್ತು ಹೇಳಬೇಕು.

ಮೇಣದಬತ್ತಿ ಮಾಡುವುದನ್ನು ನಾನು ಕಲಿತದ್ದು ಮಣಿಪಾಲದಲ್ಲಿ, ಹೆಂಗಸರಿಗೆಂದು ನಡೆಸಿದ ಒಂದು ತರಬೇತಿಯಲ್ಲಿ. ನನ್ನ ಜೊತೆ ಕಲಿತವರೆಲ್ಲ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ, ಅದರ ಕೆಳಗೆ ಕೂತು ಟಿವಿ ನೋಡಿದರು. ನಾನು ಕಾರ್ಕಳದ ತವರಿಗೆ ಹೋದಾಗ ಅಣ್ಣನನ್ನು ಕಾಡಿ ಒಂದು ಅಲ್ಯೂಮಿನಿಯಮ್ ಅಚ್ಚು ತರಿಸಿಕೊಂಡೆ. ಬಿಚ್ಚಿದರೆ ಎರಡು ಹೋಳಾಗುವ, ಸಾಲಾಗಿ ಗುಳಿ ಇರುವ ಅಚ್ಚು. ಮದುವೆಯಾಗಿ ಈ ಮನೆಗೆ ಬಂದ ಮೇಲೆ ನನಗೇ ಎಂದು ಬಂದ ಮೊದಲ ಪಾತ್ರೆ ಅದು. ಉಳಿದ ಪಾತ್ರೆಗಳೆಲ್ಲ ಅತ್ತೆಯವು. ನಾನು ತೊಳೆಯುವವಳು.

ಅತ್ತೆ ಅಚ್ಚನ್ನು ದೂರದಿಂದಲೇ ನೋಡಿದರು.

"ಮೇಣ ಅಂದ್ರೆ ಎಂತರದ್ದು? ಯಾವ ಪ್ರಾಣಿಯ ಕೊಬ್ಬು?"

"ಕೊಬ್ಬಲ್ಲ ಅತ್ತೆ. ಪೆಟ್ರೋಲ್ ತೆಗೆಯುವಾಗ ಸಿಗುವಂಥದ್ದು."

ಅವರು ಬಹಳ ಹೊತ್ತು ಯೋಚಿಸಿದರು. ಶಾಸ್ತ್ರದಲ್ಲಿ ಪೆಟ್ರೋಲಿನ ವಿಚಾರ ಎಲ್ಲಾದರೂ ಬಂದಿದೆಯೋ ಎಂದು ಹುಡುಕಿದರೆಂದು ಕಾಣುತ್ತದೆ. "ಭೂಮಿಯಿಂದ ಬಂದದ್ದು ಅಂದ್ರೆ ಬಚ್ಚಲಲ್ಲಿ ಅಡ್ಡಿಲ್ಲ. ಅಡುಗೆಮನೆಗೆ ತರಬೇಡ. ಮತ್ತೆ ಯಾರಿಂದಲಾದರೂ ಒಂದು ದೂರು ಬಂತು ಅಂತಾದ್ರೆ, ಅಚ್ಚು ಗುಜರಿಯವನಿಗೆ."

ಅದೇ ಷರತ್ತು. ನಮ್ಮ ಯಜಮಾನರು ಪೇಪರಿನ ಹಿಂದಿನಿಂದ "ಸರಿ ಅಲ್ವಾ" ಎಂದರು. ಯಾರು ಹೇಳಿದ್ದು ಸರಿ ಎಂದು ಇವತ್ತಿನವರೆಗೂ ಹೇಳಿಲ್ಲ. ಆದರೂ ಬೇಡ ಎನ್ನಲಿಲ್ಲವಲ್ಲ, ಅದನ್ನೂ ದೇವರ ದಯೆಯ ಲೆಕ್ಕಕ್ಕೆ ಸೇರಿಸಿಕೊಂಡೆ.

ಬೆಳಿಗ್ಗೆ ಎಲ್ಲರ ಸ್ನಾನ ಮುಗಿದ ಮೇಲೂ ಬಚ್ಚಲಿನ ಒಲೆಯಲ್ಲಿ ಕೆಂಡ ಇರುತ್ತಿತ್ತು, ಹಂಡೆಯ ತಳದಲ್ಲಿ ಬಿಸಿನೀರು ಇರುತ್ತಿತ್ತು. ಆ ನೀರಿನಲ್ಲಿ ಹಳೆಯ ಡಬ್ಬ ಇಳಿಸಿ ಮೇಣ ಕರಗಿಸುವುದು. ಅಚ್ಚಿಗೆ ತೆಂಗಿನೆಣ್ಣೆ ಸವರಿ, ನೂಲು ಎಳೆದು ಕಟ್ಟಿ, ಮೇಣ ಹೊಯ್ದು, ತಣ್ಣೀರಿನಲ್ಲಿ ಇಡುವುದು. ಅಡುಗೆಯ ನಡುವೆ ಹೋಗಿ ಬಂದು ಮಾಡುವಂಥ ಕೆಲಸ. ಬಿಳಿ ಬಿಳಿಯಾಗಿ ನೆಟ್ಟಗೆ ಹೊರಬರುವಾಗ, ನನ್ನ ಮಕ್ಕಳು ಒಂದು ದಿನವೂ ಹಾಗೆ ಸಾಲಾಗಿ ನಿಂತದ್ದಿಲ್ಲ ಎನಿಸುತ್ತಿತ್ತು. ಒಮ್ಮೆ ಕೈಜಾರಿ ಅಚ್ಚು ಬಚ್ಚಲಕಲ್ಲಿನ ಮೇಲೆ ಬಿದ್ದು ಒಂದು ಗುಳಿ ನೆಗ್ಗಿತು. ಆ ಗುಳಿಯಿಂದ ಬಂದವಕ್ಕೆಲ್ಲ ಸೊಂಟ ಕುಗ್ಗಿರುತ್ತಿತ್ತು. ಉರಿಯಲು ತೊಂದರೆಯಿಲ್ಲ, ಆದರೆ ಅಂಗಡಿಯವರು ಬೇಡವೆನ್ನುತ್ತಿದ್ದರು. ಅಂಗಡಿಗೆ ಆಗದ್ದನ್ನು ನೆಂಟರಿಗೆ ಕೊಡುತ್ತಿದ್ದೆ. ನೆಂಟರು ಬಿಟ್ಟಿ ಸಿಕ್ಕಿದ್ದರ ಸೊಂಟ ನೋಡುವುದಿಲ್ಲ.

ಆದರೆ ಬಾಯಿ ಸುಮ್ಮನಿರಬೇಕಲ್ಲ. "ನಮ್ಮಂಥವರ ಮನೆಯಲ್ಲಿ ಕ್ಯಾಂಡಲ್ಲಾ? ಇನ್ನು ಕ್ರಿಸ್ಮಸ್ಸಿಗೆ ಕೇಕೂ ಮಾಡ್ತೀಯಾ?" ಎಂದು ಕೇಳಿದವರೇ ಮೊದಲ ಸಿಡಿಲಿಗೆ ಕರೆಂಟು ಹೋದ ಸಂಜೆ ಕೊಡೆ ಹಿಡಿದು ಹಿತ್ತಿಲ ಬಾಗಿಲಿಗೆ ಬರುತ್ತಿದ್ದರು. "ಎರಡು ಇದ್ರೆ ಕೊಡು ಮಾರಾಯ್ತಿ, ಮಕ್ಕಳಿಗೆ ಪರೀಕ್ಷೆ ಉಂಟು." ಕತ್ತಲೆಯಲ್ಲಿ ಧರ್ಮ ಸ್ವಲ್ಪ ಸಡಿಲವಾಗುತ್ತದೆ.

ಇವರೆಲ್ಲರಲ್ಲಿ ಅತ್ತಿಗೆ ಎತ್ತರದವರು. ಸಮಾಜದ ವೇದಿಕೆಯಲ್ಲಿ ಅವರದ್ದೊಂದು ಖಾಯಂ ಭಾಷಣ ಇತ್ತು: ದೀಪ ಬೆಳಗುವುದು ನಮ್ಮ ಸಂಸ್ಕೃತಿ, ಮೇಣದಬತ್ತಿ ಊದಿ ಆರಿಸುವುದು ಪರರದ್ದು. ಚಪ್ಪಾಳೆ ಬೀಳುತ್ತಿತ್ತು. ಆದರೆ ಆ ಭಾಷಣಕ್ಕೆ ಮೊದಲು ಉದ್ಘಾಟನೆ ಆಗಬೇಕಲ್ಲ? ಹಿತ್ತಾಳೆಯ ದೊಡ್ಡ ಕಾಲುದೀಪ, ಅದಕ್ಕೆ ಮಲ್ಲಿಗೆಯ ಅಲಂಕಾರ, ಐದು ಕಡೆಗೂ ಎಣ್ಣೆ ಬತ್ತಿ. ಅದನ್ನು ಅತಿಥಿಗಳು ಯಾತರಿಂದ ಹಚ್ಚುತ್ತಾರೆ? ಮೇಣದಬತ್ತಿಯಿಂದ. ಉಡುಪಿ ಸೀಮೆಯಲ್ಲಿ ನಾನು ಕಂಡ ಎಲ್ಲ ಸಭೆಗಳಲ್ಲೂ ನಮ್ಮ ಸಂಸ್ಕೃತಿಯನ್ನು ಹೊತ್ತಿಸಿದ್ದು ಒಂದು ಮೇಣದಬತ್ತಿಯೇ. ಹಚ್ಚಿದ ಕೂಡಲೇ ಅದನ್ನು ಊದಿ ಮೇಜಿನ ಅಡಿಗೆ ಹಾಕುತ್ತಾರೆ. ಫೋಟೋದಲ್ಲಿ ದೀಪ ಇರುತ್ತದೆ, ಅತಿಥಿ ಇರುತ್ತಾರೆ, ಅದು ಇರುವುದಿಲ್ಲ.

ವಾರ್ಷಿಕೋತ್ಸವಕ್ಕೆ ಮೊದಲು ಅತ್ತಿಗೆ ತವರಿಗೆ ಬಂದರು. "ಒಂದು ಉದ್ದ ಕ್ಯಾಂಡಲ್ ಮಾಡಿಕೊಡು. ಬಿಳಿ ಬೇಡ, ಬಿಳಿ ಕ್ರಿಸ್ತರ ಇಗರ್ಜಿಯ ಹಾಗೆ ಕಾಣ್ತದೆ. ನಮ್ಮದರ ಹಾಗೆ ಇರಲಿ."

"ಕ್ಯಾಂಡಲ್ ನಮ್ಮದರ ಹಾಗೆ ಹೇಗೆ ಇರುವುದು ಅತ್ತಿಗೆ?"

"ಅರಸಿನ ಹಾಕು."

ಮೇಣಕ್ಕೆ ಹಾಕುವ ಬಣ್ಣ ಬೇರೆ ಉಂಟು, ಅಡುಗೆಯ ಅರಸಿನ ಮೇಣದಲ್ಲಿ ಕರಗುವುದಿಲ್ಲ, ಪುಡಿ ಹೋಗಿ ಬತ್ತಿಯ ಬಾಯಿ ಕಟ್ಟುತ್ತದೆ ಎಂದೆ. ಅತ್ತಿಗೆಗೆ ಕೇಳಿಸಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಹೊರಟೇಹೋದರು. ಅವರು ಹೋದ ಮೇಲೆ ಅತ್ತೆ ಒಳಗಿನಿಂದ ಬಂದರು. ಮಗಳ ಸಭೆ ಎಂದ ಮೇಲೆ ಬಚ್ಚಲಿನ ಕಸುಬಿಗೂ ಮಡಿ ಬಂದುಬಿಟ್ಟಿತ್ತು.

"ಬಜಾರಿನ ನೂಲು ಬೇಡ. ಯಾರ್ಯಾರ ಕೈ ತಾಗಿದ್ದೋ ಎಂತದೋ. ನನ್ನ ನೆಣೆ ಹಾಕು."

ನೆಣೆ ಎಂದರೆ ದೇವರ ದೀಪಕ್ಕೆ ಅತ್ತೆ ದಿನವೂ ತೊಡೆಯ ಮೇಲೆ ಹೊಸೆಯುವ ಹತ್ತಿಯ ಬತ್ತಿ. ಮೆತ್ತಗೆ, ಸಡಿಲವಾಗಿ, ಎಣ್ಣೆ ಕುಡಿಯಲೆಂದೇ ಹುಟ್ಟಿದ್ದು. ಮೇಣದೊಳಗೆ ಅದನ್ನಿಟ್ಟರೆ ಕರಗಿದ ಮೇಣವನ್ನೆಲ್ಲ ಹೀರಿ ಅದರಲ್ಲೇ ಮುಳುಗಿಹೋಗುತ್ತದೆ. ಅದನ್ನೂ ಹೇಳಿದೆ.

"ಅತ್ತೆ, ಇದು ಉರಿಯುವುದಿಲ್ಲ."

"ನನ್ನ ನೆಣೆ ಉರಿಯುವುದಿಲ್ಲವಾ? ನಾನು ಈ ಮನೆಗೆ ಕಾಲಿಟ್ಟಲ್ಲಿಂದ ದೇವರ ಎದುರು ಉರಿದ ನೆಣೆ, ನಿನ್ನ ಪೆಟ್ರೋಲಿನಲ್ಲಿ ಉರಿಯುವುದಿಲ್ಲವಾ?"

ಅತ್ತೆ ನೆಣೆಯನ್ನು ತುಪ್ಪದಲ್ಲಿ ಅದ್ದಿಯೇ ಕೊಟ್ಟರು. ನಾನು ಅರಸಿನ ಕಲಸಿದ ಮೇಣ ಹೊಯ್ದೆ. ಹೊರಬಂದದ್ದು ನೋಡಲು ಚೆಂದವೇ ಇತ್ತು, ಬಾಳೆದಿಂಡಿನ ಹಾಗೆ ನುಣುಪಾಗಿ, ಮದುಮಗಳ ಬಣ್ಣದ್ದು. ಒಮ್ಮೆ ಹಚ್ಚಿ ನೋಡುತ್ತೇನೆ ಎಂದೆ. ಅತ್ತೆ ಅದಕ್ಕೂ ಬಿಡಲಿಲ್ಲ. "ದೇವರ ದೀಪ ಹಚ್ಚುವುದಕ್ಕೆ ಉರಿಸಿ ಬಿಟ್ಟದ್ದನ್ನು ಕೊಡುವುದಾ? ಅದು ಎಂಜಲಿಗೆ ಸಮ." ಹಾಗೆ, ನಮ್ಮ ಮನೆಯ ಇತಿಹಾಸದಲ್ಲೇ ಅತ್ಯಂತ ಶುದ್ಧವಾದ ಆ ಮೇಣದಬತ್ತಿ, ಉರಿಯುತ್ತದೋ ಇಲ್ಲವೋ ಎಂದು ಯಾರಿಗೂ ಗೊತ್ತಾಗದೆ, ರೇಶ್ಮೆ ತುಂಡಿನಲ್ಲಿ ಸುತ್ತಿಕೊಂಡು ಕಾಪುವಿಗೆ ಹೋಯಿತು.

ದೂರು ಬರಬಾರದ ಹೊತ್ತು ಅದು. ಕಲ್ಯಾಣಪುರದ ಬಾಯಮ್ಮ, ಇಗರ್ಜಿಯ ದಾರಿಯಲ್ಲಿ ಅಂಗಡಿ ಇಟ್ಟವರು, ಹಿಂದಿನ ವಾರವಷ್ಟೇ ಬಂದು ನನ್ನ ಬಿಳಿಯದೊಂದನ್ನು ಅಂಗಳದ ಗಾಳಿಯಲ್ಲಿ ಹಚ್ಚಿಟ್ಟು, ಪೂರಾ ಮುಗಿಯುವವರೆಗೆ ಕುರ್ಚಿ ಹಾಕಿ ಕೂತಿದ್ದರು. ನವೆಂಬರಿನಲ್ಲಿ ಅವರಲ್ಲಿ ಸತ್ತವರ ದಿನ ಬರುತ್ತದೆ, ಗೋರಿಗಳ ಮೇಲೆಲ್ಲ ಮೇಣದಬತ್ತಿ ಹಚ್ಚುತ್ತಾರೆ. "ಆರಿಹೋದ್ರೆ ಸತ್ತವರು ಎಂತ ಹೇಳುವುದಿಲ್ಲ ಅಮ್ಮಾ," ಎಂದಿದ್ದರು ಬಾಯಮ್ಮ. "ಬದುಕಿದವರು ನನ್ನ ಅಂಗಡಿಗೆ ಬರ್ತಾರೆ." ಆರಲಿಲ್ಲ. ಈ ವರ್ಷದ್ದೆಲ್ಲ ನೀವೇ ಮಾಡಿಕೊಡಿ ಎಂದು ಹೇಳಿ ಹೋದರು. ಮೇಣದ ಹಲಗೆಗಳು ಬಂದು ಕಟ್ಟಿಗೆಯ ಪಕ್ಕ ಕೂತಿದ್ದವು. ಬೆಳಿಗ್ಗೆ ಸಂಜೆ ದೇವರಲ್ಲಿ ನಾನು ಕೇಳುತ್ತಿದ್ದದ್ದು ಅಷ್ಟೇ: ಅಚ್ಚು ಗುಜರಿಗೆ ಹೋಗದಿರಲಿ.

ಈಗ ಈ ಫೋನು.

"ಮಣಿಪಾಲದಿಂದ ಡಾಕ್ಟರಮ್ಮನನ್ನು ಕರೆಸಿದ್ದೆ," ಅತ್ತಿಗೆ ಉಸಿರು ಬಿಡದೆ ಹೇಳುತ್ತಿದ್ದರು. "ಅವರು ಕ್ಯಾಂಡಲ್ ಕೈಗೆ ತಗೊಂಡ್ರು. ಹಚ್ಚಿದ್ರೆ ಚಟಪಟ ಅಂತು, ಹೊಗೆ ಬಂತು, ಆರಿತು. ಪುನಃ ಹಚ್ಚಿದ್ದು. ಪುನಃ ಆರಿತು. ಪ್ರಾರ್ಥನೆಯ ಹುಡುಗಿಯರು ಹಾಡಿದ್ದನ್ನೇ ಹಾಡಿದ್ರು, ಎಷ್ಟು ಸಲ ಅಂತ ದೇವರಿಗೇ ಗೊತ್ತು. ಸ್ಟೇಜು ಪೂರಾ ಒಗ್ಗರಣೆಯ ವಾಸನೆ!"

ಅರಸಿನ, ತುಪ್ಪ. ಸಾಸಿವೆ ಒಂದು ಕಡಿಮೆ. ನಾನು ನಗು ನುಂಗಿಕೊಂಡೆ.

"ಮತ್ತೆ ಎಂತ ಮಾಡಿದ್ರಿ?"

"ಎಂತ ಮಾಡುವುದು? ಹಾಲ್ ನಮ್ಮ ಮನೆಯ ಹತ್ತಿರವೇ ಅಲ್ವಾ, ಮಗಳನ್ನು ಓಡಿಸಿ ಅಡುಗೆಮನೆಯ ಕಪಾಟಿನಲ್ಲಿದ್ದ ಅಂಗಡಿಯ ಕ್ಯಾಂಡಲ್ ತರಿಸಿದೆ. ಬಿಳಿಯದ್ದೇ. ಹೇಗೆ ಉರಿಯಿತು ಗೊತ್ತುಂಟಾ! ಐದೂ ಬತ್ತಿ ಹಚ್ಚುವವರೆಗೆ ಅಲ್ಲಾಡಲಿಲ್ಲ. ಹಾಗೆ ಮಾಡ್ಲಿಕ್ಕೆ ಕಲಿ ನೀನು."

ನನಗೆ ಒಂದು ಸಂಶಯ ಬಂತು.

"ಅದರ ಸೊಂಟ ಸ್ವಲ್ಪ ಕುಗ್ಗಿತ್ತಾ ಅತ್ತಿಗೆ?"

"ಹೌದು. ಅದು ಕೈಯಿಂದ ಜಾರಬಾರದು ಅಂತ ಹಿಡಿಯಲಿಕ್ಕೆ ಮಾಡಿದ್ದು. ಡಾಕ್ಟರಮ್ಮನೂ ಹೇಳಿದ್ರು, ಒಳ್ಳೆಯ ಕಂಪೆನಿಯದ್ದು ಅಂತ. ನಿನಗೆ ಹೇಗೆ ಗೊತ್ತು?"

"ಹೀಗೇ ಕೇಳಿದೆ."

ಮಳೆಗಾಲದ ಮೊದಲು ನಾನೇ ಬಿಟ್ಟಿ ಕಟ್ಟಿಕೊಟ್ಟ ಕಟ್ಟು ಅದು, ಅತ್ತಿಗೆಗೆ ಮರೆತೇಹೋಗಿತ್ತು. ಬಚ್ಚಲಕಲ್ಲು ಕೊಟ್ಟ ಪೆಟ್ಟು ಕಾಪುವಿಗೆ ಹೋಗಿ ಕಂಪೆನಿಯ ಬುದ್ಧಿವಂತಿಕೆ ಆಗಿತ್ತು. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಹತ್ತಿ.

"ಯಾರದ್ದು? ಎಂತ ಅಂತೆ?"

ನನ್ನ ಕ್ಯಾಂಡಲ್ ಉರಿಯಲಿಲ್ಲ ಎಂದರೆ ಅಚ್ಚು ಗುಜರಿಗೆ. ನಿಮ್ಮ ನೆಣೆ ಉರಿಯಲಿಲ್ಲ ಎಂದರೆ ನಾನೇ ಗುಜರಿಗೆ. ನಾನು ಫೋನನ್ನು ಚಾಚಿದೆ. "ನಿಮ್ಮ ಮಗಳು. ನಿಮ್ಮಲ್ಲೇ ಹೇಳಬೇಕಂತೆ."

ಮಗಳು ಎಂದ ಮೇಲೆ ಎಂಜಲಿನ ವಿಚಾರ ಹಿಂದೆ ಸರಿಯಿತು. ಅತ್ತೆ ಸೆರಗಿನ ತುದಿಯಿಂದ ಫೋನು ಹಿಡಿದು, ಕಿವಿಗೆ ತಾಗಿಸದೆ, ಒಂದು ಗೇಣು ದೂರ ಇಟ್ಟುಕೊಂಡರು. ಹಾಗಾಗಿ ಅತ್ತಿಗೆ ಹೇಳಿದ್ದೆಲ್ಲ ನನಗೂ ಕೇಳಿತು. ನಮ್ಮ ಅತ್ತಿಗೆಯ ಸ್ವರಕ್ಕೆ ಮೈಕೂ ಬೇಡ, ಫೋನೂ ಬೇಡ.

"ಅಮ್ಮಾ, ಅವಳಿಗೆ ಆ ಕೆಲಸ ಬಿಡ್ಲಿಕ್ಕೆ ಹೇಳು! ಡಾಕ್ಟರಮ್ಮ ಕ್ಯಾಂಡಲನ್ನು ತಿರುಗಿಸಿ ನೋಡಿ ಎಂತ ಹೇಳಿದ್ರು ಗೊತ್ತುಂಟಾ? ಮೇಣದ್ದಲ್ಲ, ಬತ್ತಿಯದ್ದು ತೊಂದರೆ ಅಂತ. ಯಾರು ಹೊಸೆದ ಬತ್ತಿ ಅಮ್ಮ ಅದು? ಒಂದು ಬತ್ತಿ ಹೊಸೆಯಲಿಕ್ಕೂ ಬಾರದವರು ಹೆಂಗಸರಾ? ಸ್ಟೇಜಿನಲ್ಲಿದ್ದವರೆಲ್ಲ ನಗಾಡಿದ್ರು!"

ಅತ್ತಿಗೆ ಅಂದು ನಮ್ಮಲ್ಲಿಂದ ಅರಸಿನದ ಆಜ್ಞೆ ಕೊಟ್ಟು ಬಸ್ಸಿಗೆ ಓಡಿದ್ದರು. ನೆಣೆಯ ಸಂಗತಿ ಅವರಿಗೆ ಗೊತ್ತೇ ಇರಲಿಲ್ಲ.

ಅತ್ತೆಯ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಕೈಯಲ್ಲಿದ್ದ ಹತ್ತಿಯನ್ನು ಅವರು ಮೆಲ್ಲಗೆ ಮುಷ್ಟಿಯೊಳಗೆ ಮುಚ್ಚಿದ್ದು ಮಾತ್ರ ಕಾಣಿಸಿತು. ಆಮೇಲೆ ಅತ್ತೆ ಕೇಳಿದರು.

"ಫ್ಯಾನು ಹಾಕಿದ್ರಾ?"

"ಎಂತ?"

"ಸ್ಟೇಜಿನಲ್ಲಿ ಫ್ಯಾನು ಇತ್ತಾ ಇಲ್ವಾ?"

"ಇತ್ತು. ಸೆಖೆಗೆ ಹಾಕದೆ ಮತ್ತೆ? ಮೊದಲು ತಿರುಗ್ತಾ ಇತ್ತು, ಆಮೇಲೆ ಬಂದ್ ಮಾಡಿ..."

"ಹಾಗೆ ಹೇಳು. ದೀಪ ಹಚ್ಚುವಾಗ ಫ್ಯಾನು ಹಾಕುವವರು ಹೆಂಗಸರಾ? ಬತ್ತಿಗೂ ಎಂತ ಆಗಿಲ್ಲ, ಕ್ಯಾಂಡಲಿಗೂ ಎಂತ ಆಗಿಲ್ಲ. ಗಾಳಿ ಅದು. ಅಧ್ಯಕ್ಷೆ ಅಂತೆ, ಗಾಳಿ ಎಲ್ಲಿಂದ ಬರ್ತದೆ ಅಂತ ಗೊತ್ತಿಲ್ಲ!"

ಫೋನಿನ ಆ ಕಡೆ ಏನೋ ಗೊಣಗಾಟ ಕೇಳಿಸಿತು. ಅತ್ತೆ ಅದನ್ನು ಇಡುವ ಬದಲು ನನ್ನ ಕೈಗೆ ಕೊಟ್ಟರು. ನಾನು ಇಟ್ಟೆ. ತಮ್ಮ ನೆಣೆಯನ್ನು ಉಳಿಸಿಕೊಳ್ಳಬೇಕಾದರೆ ನನ್ನ ಮೇಣವನ್ನೂ ನಿರಪರಾಧಿ ಮಾಡಲೇಬೇಕಾಗಿತ್ತು ಅವರಿಗೆ. ಎರಡೂ ಒಂದರೊಳಗೊಂದು ಕೂತಿದ್ದವಲ್ಲ. ಬಂದ ದೂರು ಫ್ಯಾನಿನ ತಲೆಗೆ ಹೋಯಿತು. ದೇವರ ಕೃಪೆ ಶಂಖ ಚಕ್ರ ಹಿಡಿದೇ ಬರಬೇಕೆಂದಿಲ್ಲ. ಮೂರು ರೆಕ್ಕೆ ತಿರುಗಿಸುತ್ತಾ ಸಭೆಯ ಮಾಡಿನಿಂದ ತೂಗಿಕೊಂಡೂ ಬರಬಹುದು.

ಅತ್ತೆ ದೇವರ ಕೋಣೆಯ ಹೊಸ್ತಿಲವರೆಗೆ ಹೋದವರು ತಿರುಗಿದರು.

"ಆ ಕಲ್ಯಾಣಪುರದವರದ್ದು ಯಾವಾಗ ಶುರು ಮಾಡ್ತೀಯಾ?"

"ನಾಳೆ ಅಂತ ಇದ್ದೆ ಅತ್ತೆ."

"ಅದಕ್ಕೆ ಬಜಾರಿನ ನೂಲೇ ಹಾಕು. ಅಲ್ಲಿ ಬಯಲು, ಗಾಳಿ ಜಾಸ್ತಿ. ನನ್ನ ನೆಣೆ ಎಲ್ಲರಿಗೂ ಕೊಡ್ಲಿಕ್ಕೆ ಇಲ್ಲ."

"ಆಯ್ತು ಅತ್ತೆ," ಎಂದೆ. ಎಷ್ಟು ವಿನಯದಿಂದ ಎಂದೆನೆಂದರೆ ನನಗೇ ಅನುಮಾನ ಬಂತು.

ಅಡುಗೆಮನೆಗೆ ಬಂದರೆ ಕತ್ತರಿಸಿಟ್ಟ ಬಸಳೆಯ ದಂಟಿನ ತುದಿಗಳು ಕಪ್ಪಾಗತೊಡಗಿದ್ದವು. ಅವನ್ನು ತೊಳೆದು ಒಲೆಯ ಮೇಲಿಟ್ಟೆ. ನಂತರ ತೆಂಗಿನಕಾಯಿ ಒಡೆದು, ಹೆರೆಯಲು ಕೂತೆ.